ಅಳಿಸಿದ ಮೇಲ್ ಎಲ್ಲಿಗೆ ಹೋಗುತ್ತದೆ?

ನಮ್ಮಲ್ಲಿ ಬಹಳ ಜನರಿಗೆ ಇ-ಮೇಲ್ ಎಂದರೆ ಮೊಬೈಲಿನಲ್ಲಿರುವ ಜಿಮೇಲ್. ವಿದ್ಯಾರ್ಥಿವೇತನದ ಅರ್ಜಿಗೆ ಬೇಕೆಂದು ಒಂದು ವಿಳಾಸ ಮಾಡಿಕೊಳ್ಳುತ್ತೇವೆ, ಒಟಿಪಿ ಬಂದಾಗ ಮಾತ್ರ ತೆರೆಯುತ್ತೇವೆ. ಆದರೆ ಕಾಮರ್ಸ್ ಓದುವ ನಾವು ನಾಳೆ ಕೆಲಸಕ್ಕೆ ಸೇರುವ ಎಷ್ಟೋ ಕಚೇರಿಗಳಲ್ಲಿ ಮೇಲ್‌ಗಳನ್ನು ಕಂಪ್ಯೂಟರಿಗೇ ಇಳಿಸಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಥಂಡರ್‌ಬರ್ಡ್, ಔಟ್‌ಲುಕ್ ಎಂಬ ತಂತ್ರಾಂಶಗಳಿವೆ. ನನ್ನ ಚಾಚಾ ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿಗಳ ಲೆಕ್ಕ ಬರೆಯುತ್ತಾರೆ. ರಜೆಯಲ್ಲಿ ಅವರ ಹತ್ತಿರ ಟ್ಯಾಲಿ ಕಲಿಯಲು ಹೋದ ನಾನು ಟ್ಯಾಲಿಯ ಜೊತೆಗೆ ಥಂಡರ್‌ಬರ್ಡಿನ ಫೋಲ್ಡರ್‌ಗಳನ್ನು ನೋಡಿಕೊಳ್ಳುವ ಕೆಲಸವನ್ನೂ ಕಲಿತೆ.

ಕೆಲಸ ಶುರುವಾದದ್ದು ಚಾಚಾ ಕೇಳಿದ ಒಂದು ಪ್ರಶ್ನೆಯಿಂದ. ಸಾವಿರಾರು ಜಾಹೀರಾತು ಮೇಲ್‌ಗಳನ್ನು ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ, ಡಿಸ್ಕ್ ನೋಡಿದರೆ ಜಾಗ ಇದ್ದಷ್ಟೇ ಇದೆ. "ಡಿಲೀಟ್ ಕರೇ ಸೋ ಕಾಂ ಗಯಾ ರೇ?" ಎಂದರು.

ಉತ್ತರ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲೇ ಇದ್ದಂತೆ ಇದೆ. ದಿನವಹಿಯಲ್ಲಿ ಒಂದು ನಮೂದು ಬೇಡವಾದರೆ ಹಾಳೆ ಹರಿಯುವುದಿಲ್ಲ, ರಬ್ಬರಿನಿಂದ ಉಜ್ಜುವುದೂ ಇಲ್ಲ. ಕೆಂಪು ಗೆರೆ ಎಳೆಯುತ್ತೇವೆ. ಥಂಡರ್‌ಬರ್ಡ್ ಮಾಡುವುದೂ ಅಷ್ಟೇ. ನಮಗೆ ಇನ್‌ಬಾಕ್ಸ್ ಎಂದು ಕಾಣುವುದು ಡಿಸ್ಕಿನ ಮೇಲೆ ಒಂದೇ ಒಂದು ಉದ್ದನೆಯ ಫೈಲು. ಈ ಮಾದರಿಗೆ ಎಂಬಾಕ್ಸ್ ಎಂದು ಹೆಸರು. ಬಂದ ಮೇಲ್‌ಗಳೆಲ್ಲ ಒಂದರ ಕೆಳಗೆ ಒಂದು ಅದರಲ್ಲಿ ಸೇರುತ್ತಾ ಹೋಗುತ್ತವೆ. ಮಧ್ಯದ ಒಂದನ್ನು ಅಳಿಸಿದರೆ 'ಇದು ಅಳಿಸಿದ್ದು' ಎಂಬ ಗುರುತು ಮಾತ್ರ ಬೀಳುತ್ತದೆ. ಪರದೆಯಿಂದ ಅದು ಮಾಯವಾಗುತ್ತದೆ, ಅಕ್ಷರಗಳು ಫೈಲಿನಲ್ಲೇ ಇರುತ್ತವೆ. ಒಂದು ಮೇಲ್ ತೆಗೆದಾಗಲೆಲ್ಲ ಇಡೀ ಫೈಲನ್ನು ಹೊಸದಾಗಿ ಬರೆಯುತ್ತಾ ಕೂತರೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ; ಅದಕ್ಕೇ ಈ ಏರ್ಪಾಡು.

ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಮೇಲ್ ಸಾಗಿಸಿದಾಗಲೂ ಇದೇ ಆಗುತ್ತದೆ. ಹೊಸ ಜಾಗದಲ್ಲಿ ಒಂದು ಪ್ರತಿ ಬರೆದು, ಹಳೆಯ ಜಾಗದಲ್ಲಿ ಗೆರೆ ಎಳೆಯುತ್ತದೆ. ಅಂದರೆ ಮೇಲ್‌ಗಳನ್ನು ಅಚ್ಚುಕಟ್ಟಾಗಿ ವಿಂಗಡಿಸಿದ ಮೇಲೆ ಡಿಸ್ಕಿನಲ್ಲಿ ಮೊದಲಿಗಿಂತ ಹೆಚ್ಚು ಜಾಗ ಹೋಗಿರುತ್ತದೆ! ನಂದಿದುರ್ಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿನ್ನ ಯಾವತ್ತೋ ಹೋಯಿತು, ಗಣಿಯೂ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಸೈನೈಡ್ ದಿಬ್ಬಗಳು ಮಾತ್ರ ಇದ್ದಲ್ಲೇ ಇವೆ. ಗಾಳಿ ಬೀಸಿದರೆ ಧೂಳು ಇನ್ನೂ ಮನೆಯೊಳಗೆ ಬರುತ್ತದೆ.

ಮೇಲ್‌ನ ದಿಬ್ಬ ತೆಗೆಯುವುದು ಅದಕ್ಕಿಂತ ಎಷ್ಟೋ ಸುಲಭ. ಫೋಲ್ಡರಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಕಾಂಪ್ಯಾಕ್ಟ್' ಎಂದು ಬರುತ್ತದೆ. ಅದನ್ನು ಒತ್ತಿದರೆ ಗೆರೆ ಎಳೆಯದ ಮೇಲ್‌ಗಳನ್ನಷ್ಟೇ ಹೊಸ ಫೈಲಿಗೆ ಬರೆದುಕೊಂಡು, ಹಳೆಯ ಫೈಲನ್ನು ತೆಗೆದುಹಾಕುತ್ತದೆ. ಹಳೆ ದಿನವಹಿಯಿಂದ ಚಾಲ್ತಿಯಲ್ಲಿರುವ ನಮೂದುಗಳನ್ನು ಹೊಸ ಪುಸ್ತಕಕ್ಕೆ ಇಳಿಸಿಕೊಂಡಂತೆ. ಹೊಸ ಫೈಲು ತಯಾರಾಗುವ ತನಕ ಹಳೆಯದೂ ಇರಬೇಕಾದ್ದರಿಂದ ಡಿಸ್ಕಿನಲ್ಲಿ ಅಷ್ಟು ಜಾಗ ಖಾಲಿ ಇರಲೇಬೇಕು. ಜಾಗ ಪೂರ್ತಿ ಮುಗಿದ ಮೇಲೆ ಕಾಂಪ್ಯಾಕ್ಟ್ ಮಾಡಲು ಹೊರಟರೆ ಆಗುವುದಿಲ್ಲ. ಅದು ನಡೆಯುತ್ತಿರುವಾಗ ಕರೆಂಟ್ ಹೋಗದಂತೆಯೂ ನೋಡಿಕೊಳ್ಳಬೇಕು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು ನಮ್ಮದು, ಆದರೂ ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ.

ಈಗ ಇದಕ್ಕಿಂತ ಗಂಭೀರವಾದ ವಿಷಯ. ಚಾಚಾ ಲೆಕ್ಕ ಬರೆಯುವ ಬಟ್ಟೆ ಅಂಗಡಿಯೊಂದಕ್ಕೆ ಜಿಎಸ್‌ಟಿ ನೋಟಿಸ್ ಬಂದಿತ್ತು. ಮೂರು ವರ್ಷದ ಹಿಂದೆ ಸರಕು ಕಳಿಸಿದವರ ಬಿಲ್ಲುಗಳನ್ನು ತೋರಿಸಬೇಕು, ಇಲ್ಲವಾದರೆ ಪಡೆದಿದ್ದ ತೆರಿಗೆ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಬಿಲ್ಲುಗಳೆಲ್ಲ ಮೇಲ್‌ನಲ್ಲೇ ಬಂದಿದ್ದವು. ಉತ್ತರ ಕೊಡಲು ನಾಲ್ಕು ದಿನ ಇರುವಾಗ ಥಂಡರ್‌ಬರ್ಡ್ ತೆರೆದರೆ ಆ ವರ್ಷದ ಫೋಲ್ಡರ್ ಪೂರಾ ಖಾಲಿ. ಅಂಗಡಿಯವರು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ಮಾತಾಡಲಿಲ್ಲ, ಟೋಪಿ ತೆಗೆದು ಹಣೆ ಒರೆಸಿಕೊಂಡರು.

ನಾನು ಮೊದಲು ನೋಡಿದ್ದು ಫೈಲಿನ ಗಾತ್ರ. 'ಹೆಲ್ಪ್' ಮೆನುವಿನ 'ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್'ನಲ್ಲಿ ಪ್ರೊಫೈಲ್ ಫೋಲ್ಡರ್ ತೆರೆಯುವ ಗುಂಡಿ ಇದೆ. ಅದರೊಳಗೆ ಪ್ರತಿಯೊಂದು ಮೇಲ್ ಫೋಲ್ಡರಿಗೂ ಎರಡು ಫೈಲುಗಳಿರುತ್ತವೆ. ಬಾಲವಿಲ್ಲದ ದೊಡ್ಡ ಫೈಲು, ಅದರಲ್ಲಿ ಮೇಲ್‌ಗಳು. ಹೆಸರಿನ ಕೊನೆಗೆ 'ಎಂಎಸ್‌ಎಫ್' ಎಂದಿರುವ ಚಿಕ್ಕ ಫೈಲು, ಅದು ಸೂಚಿ. ಲೆಡ್ಜರಿನ ಮೊದಲ ಪುಟದಲ್ಲಿ ಯಾವ ಖಾತೆ ಯಾವ ಪುಟದಲ್ಲಿ ಎಂದು ಬರೆದಿರುತ್ತದಲ್ಲ, ಹಾಗೆ. ಪರದೆಯ ಮೇಲೆ ನಾವು ನೋಡುವ ಪಟ್ಟಿ ಈ ಸೂಚಿಯದು. ಸೂಚಿ ಕೆಟ್ಟರೆ ಪಟ್ಟಿ ಖಾಲಿ ಕಾಣಬಹುದು, ಲೆಡ್ಜರ್ ಮಾತ್ರ ಒಳಗೆ ಕ್ಷೇಮವಾಗಿರುತ್ತದೆ. ಆ ದಿನ ದೊಡ್ಡ ಫೈಲು ಒಂದು ಜಿಬಿಗಿಂತ ಮೇಲಿತ್ತು. ಅಂದರೆ ಬಿಲ್ಲುಗಳು ಎಲ್ಲಿಗೂ ಹೋಗಿರಲಿಲ್ಲ.

ಥಂಡರ್‌ಬರ್ಡ್ ಮುಚ್ಚಿ, ಆ ದೊಡ್ಡ ಫೈಲನ್ನು ಬೇರೆ ಕಡೆ ನಕಲು ಮಾಡಿಟ್ಟೆವು. ಮತ್ತೆ ತೆರೆದು ಫೋಲ್ಡರಿನ 'ಪ್ರಾಪರ್ಟೀಸ್'ನಲ್ಲಿರುವ 'ರಿಪೇರ್ ಫೋಲ್ಡರ್' ಒತ್ತಿದೆವು. ಹಳೆ ಸೂಚಿಯನ್ನು ಬಿಟ್ಟು, ದೊಡ್ಡ ಫೈಲನ್ನು ಮೊದಲಿನಿಂದ ಓದಿ ಹೊಸ ಸೂಚಿ ಬರೆಯುವ ಕೆಲಸ ಅದು. ಸ್ವಲ್ಪ ಹೊತ್ತಿನಲ್ಲಿ ಮೇಲ್‌ಗಳು ಸಾಲಾಗಿ ಕಾಣಿಸಿಕೊಂಡವು. ಅಂಗಡಿಯವರು ಎಲ್ಲರಿಗೂ ಟೀ ತರಿಸಿದರು.

ಇಲ್ಲಿ ಕ್ರಮ ಮುಖ್ಯ. ಮೇಲ್ ಕಾಣೆಯಾದರೆ ಮೊದಲು ನಕಲು, ಆಮೇಲೆ ರಿಪೇರಿ. ಕಾಂಪ್ಯಾಕ್ಟ್ ಕೊನೆಗೆ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ. ಯಾರಾದರೂ ತಪ್ಪಿ ಅಳಿಸಿದ ಮೇಲ್ ಕೂಡ ಕಾಂಪ್ಯಾಕ್ಟ್ ಆಗುವ ತನಕ ಫೈಲಿನಲ್ಲಿ ಇದ್ದೇ ಇರುತ್ತದೆ, ಬಲ್ಲವರು ತೆಗೆದುಕೊಡಬಹುದು. ಕಾಂಪ್ಯಾಕ್ಟ್ ಆದ ಮೇಲೆ ಅದು ಹೋಯಿತು ಎಂದೇ ಲೆಕ್ಕ.

ಇನ್‌ಬಾಕ್ಸನ್ನು ಗೋದಾಮು ಮಾಡಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ದಿನಕ್ಕೆ ಹತ್ತಾರು ಸಲ ಬರೆಯುವುದು, ಅಳಿಸುವುದು ನಡೆಯುವ ಫೈಲು ಅದೇ, ಕೆಡುವ ಸಂಭವವೂ ಅದಕ್ಕೇ ಜಾಸ್ತಿ. ಇನ್ನೊಂದು ಅಪಾಯವೂ ಉಂಟು. ವೈರಸ್ ಇರುವ ಒಂದು ಮೇಲ್ ಬಂದರೆ ಕೆಲವು ಆ್ಯಂಟಿವೈರಸ್‌ಗಳು ಇಡೀ ಇನ್‌ಬಾಕ್ಸ್ ಫೈಲನ್ನೇ ಎತ್ತಿ ಬಂಧನದಲ್ಲಿಡುತ್ತವೆ, ಒಬ್ಬ ಕಳ್ಳನಿಗಾಗಿ ಬಸ್ಸನ್ನೇ ಠಾಣೆಗೆ ಕೊಂಡೊಯ್ದಂತೆ.

ಆದ್ದರಿಂದ ಬೇಕಾದದ್ದನ್ನು ಬೇರೆ ಫೋಲ್ಡರಿಗೆ ಸಾಗಿಸಿ. ಹೆಸರು ಇಡುವುದರಲ್ಲೂ ಯೋಚನೆ ಬೇಕು. 'ಇಂಪಾರ್ಟೆಂಟ್' ಎಂಬ ಫೋಲ್ಡರ್ ಮಾಡಿದರೆ ಆರು ತಿಂಗಳಲ್ಲಿ ಎಲ್ಲವೂ ಅದರೊಳಗೆ ಸೇರಿರುತ್ತದೆ. ಚಾಚಾ ಈಗ ಆರ್ಥಿಕ ವರ್ಷದ ಪ್ರಕಾರ ಇಟ್ಟಿದ್ದಾರೆ: 2023-24, 2024-25, ಅದರೊಳಗೆ ಒಂದೊಂದು ಅಂಗಡಿಗೆ ಒಂದೊಂದು. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ವರ್ಷದ ಪ್ರಕಾರ ಇಟ್ಟರೆ ಯಾವ ಫೋಲ್ಡರನ್ನು ಯಾವಾಗ ತೆಗೆಯಬಹುದು ಎಂದು ಹೆಸರೇ ಹೇಳುತ್ತದೆ.

ಗಾತ್ರ ಬೆಳೆಯುವುದು ಹೆಚ್ಚಾಗಿ ಲಗತ್ತುಗಳಿಂದ. ಮೇಲ್‌ನಲ್ಲಿ ಪಿಡಿಎಫ್, ಫೋಟೋಗಳು ಅಕ್ಷರಗಳ ರೂಪಕ್ಕೆ ತಿರುಗಿ ಹೋಗುತ್ತವೆ; ಮೂರು ಬೈಟಿಗೆ ನಾಲ್ಕು ಅಕ್ಷರ. ಹಾಗಾಗಿ 6 ಎಂಬಿಯ ಸ್ಕ್ಯಾನ್ ಪ್ರತಿ ಫೋಲ್ಡರಿನಲ್ಲಿ 8 ಎಂಬಿಗಿಂತ ಹೆಚ್ಚು ತಿನ್ನುತ್ತದೆ. 'ಸೆಂಟ್' ಫೋಲ್ಡರನ್ನು ನೋಡುವವರೇ ಇಲ್ಲ, ಅಲ್ಲಿ ನಾವೇ ಕಳಿಸಿದ ಲಗತ್ತುಗಳೆಲ್ಲ ಕೂತಿರುತ್ತವೆ.

ಖಾತೆ ಯಾವ ಬಗೆಯದು ಎಂದೂ ತಿಳಿದಿರಬೇಕು. ಪಾಪ್ ಆದರೆ ಮೇಲ್ ನಮ್ಮ ಕಂಪ್ಯೂಟರಿಗೆ ಇಳಿದು ಬರುತ್ತದೆ, ಸರ್ವರಿನಲ್ಲಿ ಪ್ರತಿ ಉಳಿಯುವುದು ನಾವು ಹಾಗೆ ಹೇಳಿದ್ದರೆ ಮಾತ್ರ. ಐಮ್ಯಾಪ್ ಆದರೆ ಮೂಲ ಸರ್ವರಿನಲ್ಲಿದ್ದು, ಇಲ್ಲಿರುವುದು ಅದರ ಪ್ರತಿಬಿಂಬ. ಇಲ್ಲಿ ಅಳಿಸಿದರೆ ಅಲ್ಲಿಯೂ, ಮೊಬೈಲಿನಲ್ಲಿಯೂ ಹೋಗುತ್ತದೆ. ನಮ್ಮಲ್ಲೇ ಒಂದು ಪ್ರತಿ ಬೇಕಾದರೆ 'ಲೋಕಲ್ ಫೋಲ್ಡರ್ಸ್' ಅಡಿಯಲ್ಲಿ ಹಾಕಬೇಕು.

ಬ್ಯಾಕಪ್‌ಗೆ ಥಂಡರ್‌ಬರ್ಡ್ ಮುಚ್ಚಿ ಪ್ರೊಫೈಲ್ ಫೋಲ್ಡರನ್ನು ಪೂರ್ತಿ ನಕಲು ಮಾಡಿದರೆ ಸಾಕು. ಪೆನ್ ಡ್ರೈವ್ ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ, ಒಳಗೆ ಎಷ್ಟೇ ಜಾಗವಿದ್ದರೂ. ಅಂಥದ್ದನ್ನು ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಪೆನ್ ಡ್ರೈವಿನಲ್ಲಿರುವುದೆಲ್ಲ ಅಳಿಯುತ್ತದೆ, ಅಕ್ಕನ ಮದುವೆ ಫೋಟೋಗಳಿದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ.