ಉಬ್ಬುವ ಜೆಲ್, ಮುದುಡುವ ಜೆಲ್

ಮಕ್ಕಳೇ, ಬೇಸಿಗೆಯಲ್ಲಿ ಪಾನಕಕ್ಕೆ ಕಾಮಕಸ್ತೂರಿ ಬೀಜ ಹಾಕುವುದನ್ನು ನೀವು ನೋಡಿರಬಹುದು. ಎಳ್ಳಿನಂತಿದ್ದ ಬೀಜದ ಸುತ್ತ ಸ್ವಲ್ಪ ಹೊತ್ತಿನಲ್ಲೇ ಲೋಳೆಯ ಪದರ ಉಬ್ಬುತ್ತದೆ. ಹೀಗೆ ದ್ರವವನ್ನು ಹಿಡಿದಿಟ್ಟುಕೊಂಡು ಮೆತ್ತಗಿರುವ ವಸ್ತುವೇ ಜೆಲ್.

ಜೆಲ್‌ನ ಒಳಗೆ ಏನಿದೆ? ಸರಪಣಿಯಂತೆ ಉದ್ದವಾದ ಅಣುಗಳಿವೆ. ಇವನ್ನು ಪಾಲಿಮರ್ ಎನ್ನುತ್ತಾರೆ. ಅವು ಮೀನಿನ ಬಲೆಯಂತೆ ಹೆಣೆದುಕೊಂಡಿರುತ್ತವೆ. ಸರಪಣಿಗೆ ಒಗ್ಗುವ ದ್ರವವಾದರೆ ಬಲೆಯೊಳಗೆ ನುಗ್ಗುತ್ತದೆ, ಜೆಲ್ ಉಬ್ಬುತ್ತದೆ. ಒಗ್ಗದಿದ್ದರೆ ಸರಪಣಿಗಳು ಒಂದಕ್ಕೊಂದು ಅಂಟಿಕೊಂಡು ದ್ರವವನ್ನು ಹೊರದೂಡುತ್ತವೆ, ಜೆಲ್ ಮುದುಡುತ್ತದೆ.

ಮಾಡಿ ನೋಡಿ

ಮೂರು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಶಾಲೆಯ ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಸ್ಪಿರಿಟ್, ಮೂರನೆಯದರಲ್ಲಿ ಎರಡನ್ನೂ ಸಮನಾಗಿ ಬೆರೆಸಿ. ಸ್ಪಿರಿಟನ್ನು ಶಿಕ್ಷಕರೇ ಸುರಿಯಲಿ, ಬೆಂಕಿ ಹತ್ತಿರವಿರಬಾರದು. ಪ್ರತಿ ಲೋಟಕ್ಕೂ ಒಂದು ಚಿಟಿಕೆ ಕಾಮಕಸ್ತೂರಿ ಬೀಜ ಹಾಕಿ. ನೀರಿನಲ್ಲಿ ಬೀಜ ಉಬ್ಬುತ್ತದೆ, ಸ್ಪಿರಿಟ್‌ನಲ್ಲಿ ಉಬ್ಬುವುದಿಲ್ಲ. ಮೂರನೆಯ ಲೋಟದಲ್ಲಿ ಏನಾಯಿತು? ಬರೆದಿಡಿ. ಬೀಜ ಹಾಗೂ ದ್ರವವನ್ನು ಬಾಯಿಗೆ ಹಾಕಬೇಡಿ.

ಬಿಸಿಗೆ ಮುದುಡುವ ಜೆಲ್

ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ಪಾಲಿಮರ್ ಇದೆ. ಹೆಸರು ಉದ್ದ, ಗುಣ ಸ್ವಾರಸ್ಯ. ಇದರ ಜೆಲ್ ತಣ್ಣೀರಿನಲ್ಲಿ ಉಬ್ಬುತ್ತದೆ. ಉಷ್ಣತೆ ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೀರನ್ನು ಹೊರಬಿಟ್ಟು ಮುದುಡುತ್ತದೆ. ಮಂಡ್ಯದಲ್ಲಿ ಡಿಸೆಂಬರ್ ಮುಂಜಾನೆ ಉಬ್ಬಿರುವ ಜೆಲ್, ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಮುದುಡಿಬಿಡುತ್ತದೆ! ತಣ್ಣಗಾದರೆ ಮತ್ತೆ ಉಬ್ಬುತ್ತದೆ.

ಬೆರೆಸಿದಾಗ ಬೆರಗು

ಕಬ್ಬಿನ ಕಾಕಂಬಿಯಿಂದ ಎಥನಾಲ್ ಎಂಬ ಆಲ್ಕೋಹಾಲ್ ತಯಾರಿಸುತ್ತಾರೆ. ಅದೇ ಬಳಗದ ಇನ್ನೊಂದು ದ್ರವ ಮೆಥನಾಲ್. ಇದು ವಿಷ, ಪ್ರಯೋಗಾಲಯದಲ್ಲಿ ಮಾತ್ರ ಬಳಸಬೇಕು. ಮೇಲಿನ ಜೆಲ್ ತಣ್ಣೀರಿನಲ್ಲೂ ಉಬ್ಬುತ್ತದೆ, ಬರಿಯ ಮೆಥನಾಲ್‌ನಲ್ಲೂ ಉಬ್ಬುತ್ತದೆ. ಆದರೆ ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ತಣ್ಣಗಿರುವಾಗಲೇ ಮುದುಡುತ್ತದೆ! ಮಿಶ್ರಣದ ಅಣುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮೆಥನಾಲ್ ಆದಾಗ, ಮುದುಡುವ ಉಷ್ಣತೆ 32 ಡಿಗ್ರಿಯಿಂದ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. ಇಬ್ಬರು ಗೆಳೆಯರು ಒಬ್ಬೊಬ್ಬರೇ ಬಂದರೆ ಒಳಗೆ ಬಿಡುವ ಜೆಲ್, ಜೊತೆಯಾಗಿ ಬಂದರೆ ಬಾಗಿಲು ಮುಚ್ಚಿದಂತೆ! ಕಾರಣದ ಬಗ್ಗೆ ವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಿದ್ದಾರೆ.

ದ್ರವದ ಮಿಶ್ರಣ ಬದಲಾದಾಗ ಜೆಲ್ ಒಮ್ಮೆಲೇ ಕುಗ್ಗಬಲ್ಲದೆಂದು 1978ರಲ್ಲಿ ಟೊಯೊಯಿಚಿ ತನಾಕ ಎಂಬ ವಿಜ್ಞಾನಿ ತೋರಿಸಿದರು. ಅವರು ಬಳಸಿದ್ದು ನೀರು ಮತ್ತು ಅಸಿಟೋನ್.

ನಮಗೇನು ಉಪಯೋಗ?

ನಾಲೆಯ ಕೊನೆಯಲ್ಲಿರುವ ಮದ್ದೂರು, ಮಳವಳ್ಳಿಯ ಹೊಲಗಳಿಗೆ ಪ್ರತಿ ಹನಿ ನೀರೂ ಮುಖ್ಯ. ಬೇರಿನ ಬಳಿ ನೀರು ಹಿಡಿದಿಡಲು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ‘ಪೂಸಾ ಹೈಡ್ರೋಜೆಲ್’ ರೂಪಿಸಿದೆ. ಬಿಸಿಗೆ ಮುದುಡುವ ಜೆಲ್ ಈ ಕೆಲಸಕ್ಕೆ ಆಗದು. ಬಿಸಿ ಮಣ್ಣಿನಲ್ಲೂ ನೀರು ಹಿಡಿಯುವಂಥದ್ದೇ ಬೇಕು. ಮಣ್ಣಿನ ನೀರಿನಲ್ಲಿ ಏನು ಬೆರೆತಿದೆ ಎಂಬುದನ್ನೂ ನೋಡಬೇಕು.

ಈಗ ನಿಮಗೊಂದು ಪ್ರಶ್ನೆ: ಸಿಹಿನೀರಿನಲ್ಲಿ ಉಬ್ಬಿದಷ್ಟೇ ಕಾಮಕಸ್ತೂರಿ ಬೀಜ ಉಪ್ಪುನೀರಿನಲ್ಲೂ ಉಬ್ಬುವುದೇ? ಮಾಡಿ ನೋಡಿ, ಶಿಕ್ಷಕರೊಂದಿಗೆ ಚರ್ಚಿಸಿ.