ಗಂಟು ನೋಡಿ ಬೇಲರ್ ಕೊಳ್ಳಿ

ಕುಡುಗೋಲಿನಲ್ಲಿ ಭತ್ತ ಕೊಯ್ದು ಕಣದಲ್ಲಿ ಬಡಿಯುತ್ತಿದ್ದ ಕಾಲದಲ್ಲಿ ಹುಲ್ಲು ತಾನಾಗಿಯೇ ಹೊರೆಯಾಗಿ ಹಿತ್ತಲಿನ ಬಣವೆ ಸೇರುತ್ತಿತ್ತು. ಹಾರ್ವೆಸ್ಟರ್ ಬಂದ ಮೇಲೆ ಹಾಗಿಲ್ಲ. ಗಂಗಾವತಿ, ಸಿಂಧನೂರು ಸೀಮೆಯಲ್ಲಾಗಲಿ, ದಾವಣಗೆರೆಯ ಭದ್ರಾ ಅಚ್ಚುಕಟ್ಟಿನಲ್ಲಾಗಲಿ, ಯಂತ್ರ ಭತ್ತವನ್ನು ಟ್ರಾಲಿಗೆ ಸುರಿದು ಹುಲ್ಲನ್ನು ಗದ್ದೆಯಲ್ಲೇ ಸಾಲಾಗಿ ಉದುರಿಸಿ ಹೋಗುತ್ತದೆ. ಆ ಹುಲ್ಲನ್ನು ಕೈಯಲ್ಲಿ ಬಾಚಿ ಹೊರೆ ಕಟ್ಟಿಸುವ ಕೂಲಿಯೇ ಹುಲ್ಲಿನ ಬೆಲೆಯನ್ನು ನುಂಗುತ್ತದೆ. ಹೀಗಾಗಿ ರೈತನ ಮುಂದೆ ಎರಡು ದಾರಿ ಉಳಿಯುತ್ತವೆ: ಬೆಂಕಿ ಹಚ್ಚುವುದು, ಇಲ್ಲವೇ ಬೇಲರ್‌ನಲ್ಲಿ ಪಿಂಡಿ ಕಟ್ಟಿಸುವುದು. ಬರಗಾಲದ ವರ್ಷಗಳಲ್ಲಿ ಮೇವಿಗಾಗಿ ಪರದಾಡುವ ನಾಡಿನಲ್ಲಿ ಮೊದಲನೆಯದು ಅನ್ಯಾಯ. ಎರಡನೆಯದಕ್ಕೆ ಹೊಸ ಯಂತ್ರ ಕೊಳ್ಳಲು ಹಲವು ಲಕ್ಷ ರೂಪಾಯಿ ಬೇಕು. ಅದಕ್ಕಾಗಿಯೇ ಬಳಸಿದ ಬೇಲರ್‌ಗಳ ವ್ಯಾಪಾರ ಬೆಳೆದಿದೆ. ಆ ವ್ಯಾಪಾರದಲ್ಲಿ ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಎಷ್ಟನೇ ಇಸವಿಯದು?’ ಎಂಬುದು. ಇಸವಿಗಿಂತ ಮೊದಲು ವಿಚಾರಿಸಬೇಕಾದ್ದು ಬೇರೆ ಇದೆ. ಯಂತ್ರ ಗಂಟು ಹಾಕುತ್ತದೆಯೇ, ಅದರ ಬಿಡಿಭಾಗ ಹತ್ತಿರದಲ್ಲಿ ಸಿಗುತ್ತದೆಯೇ ಎಂಬೆರಡೇ ಬೆಲೆಯನ್ನು ನಿರ್ಧರಿಸಬೇಕು.

ಇಸವಿ ಏಕೆ ಮುಖ್ಯವಲ್ಲ ಎಂಬುದಕ್ಕೆ ಯಂತ್ರದ ಚರಿತ್ರೆಯಲ್ಲೇ ಉತ್ತರವಿದೆ. ದಾರದಿಂದ ತಾನಾಗಿ ಗಂಟು ಹಾಕುವ ಸಾಧನಕ್ಕೆ ಅಮೆರಿಕದ ಜಾನ್ ಆಪಲ್‌ಬಿ ಪೇಟೆಂಟ್ ಪಡೆದದ್ದು 1870ರ ದಶಕದ ಕೊನೆಯಲ್ಲಿ. ಅದು ಪೈರು ಕೊಯ್ದು ಕಂತೆ ಕಟ್ಟುವ ಯಂತ್ರಕ್ಕಾಗಿ ಹುಟ್ಟಿದ್ದು. ಮುಂದೆ 1930ರ ದಶಕದ ಕೊನೆಗೆ ಪೆನ್ಸಿಲ್ವೇನಿಯಾದ ಎಡ್ ನೋಲ್ಟ್, ಗದ್ದೆಯಲ್ಲಿ ಸಾಗುತ್ತಲೇ ಹುಲ್ಲೆತ್ತಿ, ಒತ್ತಿ, ತಾನೇ ಗಂಟು ಬಿಗಿಯುವ ಬೇಲರ್ ರೂಪಿಸಿದರು. ನ್ಯೂ ಹಾಲೆಂಡ್ ಕಂಪನಿ ಅದನ್ನು ತಯಾರಿಕೆಗೆ ತೆಗೆದುಕೊಂಡಿತು. ಇಂದು ಮಾರಾಟವಾಗುವ ಚೌಕ ಪಿಂಡಿಯ ಸಣ್ಣ ಬೇಲರ್‌ಗಳಲ್ಲೂ ಮೂಲ ಕ್ರಮ ಅದೇ: ಪಿಕಪ್‌ನ ಹಲ್ಲುಗಳು ಹುಲ್ಲೆತ್ತುತ್ತವೆ, ಪ್ಲಂಜರ್ ನಿಮಿಷಕ್ಕೆ ಸುಮಾರು 80ರಿಂದ 100 ಬಾರಿ ಹಿಂದೆ ಮುಂದೆ ಓಡಿ ಅದನ್ನು ಪೆಟ್ಟಿಗೆಯೊಳಗೆ ಒತ್ತುತ್ತದೆ, ಪಿಂಡಿ ಬೇಕಾದಷ್ಟು ಉದ್ದವಾದಾಗ ಸೂಜಿಗಳು ದಾರ ಹೊತ್ತು ಮೇಲೇರುತ್ತವೆ, ನಾಟರ್ ಗಂಟು ಹಾಕಿ ದಾರ ಕತ್ತರಿಸುತ್ತದೆ. ಮೂಲ ತತ್ತ್ವ ಇಷ್ಟು ಕಾಲ ಬದಲಾಗಿಲ್ಲವೆಂದರೆ ಚೆನ್ನಾಗಿ ನೋಡಿಕೊಂಡ ಹಳೆಯ ಯಂತ್ರ ಕೆಲಸಕ್ಕೆ ಬಾರದ್ದಾಗುವುದಿಲ್ಲ. ಬೇಲರ್ ಹಾಳಾಗುವುದು ಸವೆತದಿಂದ. ಆ ಸವೆತ ವರ್ಷಕ್ಕಿಂತ ಹೆಚ್ಚಾಗಿ ಅದು ಏನನ್ನು ಕಟ್ಟಿದೆ ಎಂಬುದನ್ನು ಅವಲಂಬಿಸಿದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು. ಅದು ಚೂರಿಯ ಅಲಗನ್ನೂ ಪೆಟ್ಟಿಗೆಯ ತಗಡನ್ನೂ ಉಜ್ಜಿ ಉಜ್ಜಿ ತೆಳುಮಾಡುತ್ತದೆ. ಜೊತೆಗೆ ಕೆಸರು ಗದ್ದೆಯ ಮಣ್ಣು ಸೇರಿತೆಂದರೆ, ಎರಡೇ ಹಂಗಾಮು ಬಾಡಿಗೆಗೆ ಓಡಿದ ಯಂತ್ರ, ಹತ್ತು ವರ್ಷ ಒಬ್ಬನೇ ಒಡೆಯನ ಒಣಹುಲ್ಲು ಕಟ್ಟಿದ ಯಂತ್ರಕ್ಕಿಂತ ಹೆಚ್ಚು ಮುದಿಯಾಗಿರಬಹುದು.

ಗಂಟಿಗೇ ಇಷ್ಟು ಒತ್ತು ಕೊಡುವುದಕ್ಕೆ ಲೆಕ್ಕದ ಕಾರಣವಿದೆ. ಎಕರೆಗೆ 1 ಟನ್ ಹುಲ್ಲು ಕೈಗೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. 15 ಕೆ.ಜಿ.ಯ ಪಿಂಡಿಯಾದರೆ ಸುಮಾರು 66 ಪಿಂಡಿ. ಪಿಂಡಿಗೆ ಎರಡು ದಾರ, ಎರಡು ಗಂಟು. ಅಂದರೆ ಎಕರೆಗೆ 130ಕ್ಕೂ ಮಿಕ್ಕಿ ಗಂಟು. ನೂರಕ್ಕೆ ಐದು ಗಂಟು ತಪ್ಪಿದರೂ ಎಕರೆಗೆ ಆರೇಳು ಪಿಂಡಿ ಬಿಚ್ಚಿಕೊಳ್ಳುತ್ತವೆ, ಹತ್ತು ಎಕರೆಗೆ ಅರವತ್ತಕ್ಕೂ ಹೆಚ್ಚು. ಬಿಚ್ಚಿದ ಪ್ರತಿಯೊಂದನ್ನೂ ಆಳು ಹೊತ್ತು ತಂದು ಮತ್ತೆ ಸಾಲಿಗೆ ಹರಡಬೇಕು, ಟ್ರ್ಯಾಕ್ಟರ್ ನಿಲ್ಲಬೇಕು, ಡೀಸೆಲ್ ಉರಿಯಬೇಕು. ಟೈರು ಸವೆದಿದ್ದರೆ, ಬಣ್ಣ ಹೋಗಿದ್ದರೆ, ಪಿಕಪ್‌ನ ನಾಲ್ಕು ಹಲ್ಲು ಮುರಿದಿದ್ದರೆ ಅದರ ಖರ್ಚು ಮೊದಲೇ ಗೊತ್ತಾಗುತ್ತದೆ, ಬೆಲೆಯಲ್ಲಿ ಕಳೆಯಬಹುದು. ತಪ್ಪುವ ಗಂಟಿನ ಖರ್ಚು ದಿನವೂ ಬೆಳೆಯುತ್ತದೆ.

ಗಂಟಿನ ಆರೋಗ್ಯವನ್ನು ಓದಲು ಮೆಕ್ಯಾನಿಕ್ ಆಗಿರಬೇಕಿಲ್ಲ. ಮಾರುವವರ ಕೊಟ್ಟಿಗೆಯಲ್ಲಿ ಅದೇ ಯಂತ್ರ ಕಟ್ಟಿದ ಪಿಂಡಿಗಳಿದ್ದರೆ ಮೊದಲು ಅವನ್ನು ನೋಡಬೇಕು. ಎರಡೂ ದಾರ ಒಂದೇ ಬಿಗಿಯಲ್ಲಿವೆಯೇ? ಗಂಟಿನಾಚೆ ಉಳಿದ ದಾರದ ತುದಿ ಚೊಕ್ಕವಾಗಿ ಕತ್ತರಿಸಿದೆಯೇ, ಅಥವಾ ಎಳೆ ಎಳೆಯಾಗಿ ಹರಿದಿದೆಯೇ? ಹರಿದಿದ್ದರೆ ನಾಟರ್‌ನ ಚೂರಿ ಮೊಂಡಾಗಿದೆ. ಅದು ಸಣ್ಣ ದೋಷ. ದಾರದ ಒಂದು ತುದಿಯಲ್ಲಿ ಮಾತ್ರ ಗಂಟಿದ್ದು ಇನ್ನೊಂದು ತುದಿ ಖಾಲಿಯಿದ್ದರೆ, ದಾರವನ್ನು ಕಚ್ಚಿ ಹಿಡಿಯುವ ಭಾಗದ ಹಿಡಿತ ಸಡಿಲವಾಗಿರುವ ಸಂಭವ ಹೆಚ್ಚು. ಬಿಗಿ ಹೊಂದಿಸಿದರೆ ಸರಿಹೋಗಬಹುದು, ಭಾಗವೇ ಸವೆದಿದ್ದರೆ ಹೊಸದು ಬೇಕು. ಗಂಟು ಹಾಕುವ ಕೊಕ್ಕೆ ತುಕ್ಕು ಹಿಡಿದು ಒರಟಾಗಿದ್ದರೆ, ಅಥವಾ ದಾರವನ್ನು ಅದರಿಂದ ಜಾರಿಸುವ ತೋಳು ಸವೆದು ಕೊಕ್ಕೆಗೆ ತಾಗದಿದ್ದರೆ, ಗಂಟು ಅಲ್ಲೇ ಸಿಕ್ಕಿ ಹರಿಯುತ್ತದೆ. ಪಿಂಡಿಯ ಬದಿಗಳೂ ಸಾಕ್ಷಿ ಹೇಳುತ್ತವೆ. ಚೌಕ ಪಿಂಡಿಯ ಒಂದು ಬದಿ ಮಡಚಿದ ಹುಲ್ಲಿನದು, ಎದುರು ಬದಿ ಪ್ಲಂಜರ್‌ನ ಚೂರಿ ಕತ್ತರಿಸಿದ್ದು. ಕತ್ತರಿಸಿದ ಬದಿ ಜೂಲು ಜೂಲಾಗಿದ್ದರೆ ಚೂರಿ ಮೊಂಡಾಗಿದೆ, ಇಲ್ಲವೇ ಪ್ಲಂಜರ್‌ನ ಬೇರಿಂಗ್‌ಗಳು ಸವೆದು ಚೂರಿಗಳ ನಡುವಿನ ಅಂತರ ಹೆಚ್ಚಾಗಿದೆ. ಎರಡನೆಯದಾದರೆ ರಿಪೇರಿ ದೊಡ್ಡದು. ಪಿಂಡಿ ಬಾಗಿದ್ದರೆ ಮಾತ್ರ ಕೂಡಲೇ ಯಂತ್ರವನ್ನು ದೂರಬೇಕಾಗಿಲ್ಲ. ಹುಲ್ಲು ಒಂದೇ ಪಕ್ಕದಿಂದ ನುಗ್ಗಿದ್ದರೂ ಹಾಗಾಗುತ್ತದೆ.

ಯಂತ್ರದ ಬಳಿ ಬಂದಾಗ ಟ್ರ್ಯಾಕ್ಟರ್ ಆರಿಸಿ, ಟ್ರ್ಯಾಕ್ಟರಿನ ಶಕ್ತಿಯನ್ನು ಬೇಲರ್‌ಗೆ ಸಾಗಿಸುವ ಪಿಟಿಒ ಶಾಫ್ಟ್ ಬಿಚ್ಚಿ, ಫ್ಲೈವೀಲನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಬೇಕು. ಪ್ಲಂಜರ್ ಎಲ್ಲೂ ಕಚ್ಚದೆ ಓಡಬೇಕು. ಸೂಜಿಗಳು ಮೇಲೇರುವಾಗ ಯಾವ ಲೋಹಕ್ಕೂ ತಾಗಬಾರದು. ಸೂಜಿಯ ಮೇಲೆ ವೆಲ್ಡಿಂಗ್ ಗುರುತಿದ್ದರೆ ಅದು ಒಮ್ಮೆ ಪ್ಲಂಜರ್‌ನ ಹೊಡೆತಕ್ಕೆ ಸಿಕ್ಕಿ ಮುರಿದಿರಬಹುದು. ಸೂಜಿ ಒಳಗಿರುವಾಗ ಪ್ಲಂಜರನ್ನು ತಡೆಯುವ ಸುರಕ್ಷಾ ಕೊಕ್ಕೆ ಸರಿಯಾಗಿ ಬೀಳುತ್ತದೆಯೇ ಎಂದು ಆಗಲೇ ನೋಡಬೇಕು. ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ಫ್ಲೈವೀಲಿನ ಶಿಯರ್ ಬೋಲ್ಟ್. ಅತಿಭಾರ ಬಿದ್ದಾಗ ತಾನು ತುಂಡಾಗಿ ಉಳಿದ ಯಂತ್ರವನ್ನು ಕಾಯುವುದೇ ಅದರ ಕೆಲಸ. ಪದೇ ಪದೇ ತುಂಡಾಗುತ್ತದೆಂದು ಅಲ್ಲಿ ಗಟ್ಟಿ ಬೋಲ್ಟ್ ಹಾಕಿದ್ದರೆ, ಅಥವಾ ಬೆಸುಗೆ ಹಾಕಿದ್ದರೆ, ಆ ಹೊಡೆತಗಳೆಲ್ಲ ಗೇರ್‌ಬಾಕ್ಸಿಗೂ ಚೌಕಟ್ಟಿಗೂ ಹೋಗಿವೆ ಎಂದೇ ಅರ್ಥ. ಅಂಥ ಯಂತ್ರದ ಗೇರ್‌ಬಾಕ್ಸ್ ಎಣ್ಣೆಯಲ್ಲಿ ಲೋಹದ ಚೂರುಗಳಿವೆಯೇ, ಚೌಕಟ್ಟಿನಲ್ಲಿ ಬಿರುಕಿದೆಯೇ ಎಂದು ಹುಡುಕಬೇಕು. ಕಂಡರೆ ಚೌಕಾಸಿ ಬೇಡ, ಕೈಬಿಡುವುದೇ ಸರಿ. ಕೈಯಿಂದ ತಿರುಗಿಸುವಾಗಲೂ ನಾಟರ್ ಮತ್ತು ಸೂಜಿಗಳ ಬಳಿ ಬೆರಳಿಡಬಾರದು. ಟ್ರ್ಯಾಕ್ಟರ್ ಚಾಲೂ ಇದ್ದಾಗ ಹತ್ತಿರವೂ ಹೋಗಬಾರದು.

ಇಷ್ಟೆಲ್ಲ ತಾಪತ್ರಯವೇಕೆ, ಕಿರು ರೌಂಡ್ ಬೇಲರ್ ಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ತೂಕವಿದೆ. ರೌಂಡ್ ಬೇಲರ್‌ನಲ್ಲಿ ನಾಟರ್ ಇಲ್ಲ. ಉರುಳೆಗಳ ನಡುವೆ ಹುಲ್ಲು ಸುರುಳಿಯಾಗಿ ಸುತ್ತಿಕೊಳ್ಳುತ್ತದೆ, ದಾರ ಅದರ ಸುತ್ತ ಸುಮ್ಮನೆ ಸುತ್ತಿ ತುಂಡಾಗುತ್ತದೆ. ಯಂತ್ರ ಹಗುರ, 35 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರೂ ಎಳೆಯಬಹುದಾದ ಮಾದರಿಗಳಿವೆ. ತಮ್ಮ ಹಸುಗಳಿಗಷ್ಟೇ ಮೇವು ಕೂಡಿಡುವವರಿಗೆ ಅದೇ ಸರಿಯಾದ ಆಯ್ಕೆ ಎಂದು ಧೈರ್ಯವಾಗಿ ಹೇಳಬಹುದು. ಅಲ್ಲಿ ಗಂಟಿನ ಬದಲು ಚೈನು, ಸ್ಪ್ರಾಕೆಟ್, ಉರುಳೆಗಳ ಬೇರಿಂಗ್ ನೋಡಬೇಕು, ದಾರ ಸುತ್ತುವ ಕೈ ಸಲೀಸಾಗಿ ಓಡುತ್ತದೆಯೇ ಎಂದು ಪರೀಕ್ಷಿಸಬೇಕು. ಆದರೆ ಪಿಂಡಿಗೊಮ್ಮೆ ನಿಂತು ಹೊರಹಾಕಬೇಕಾದ್ದರಿಂದ ಕೆಲಸ ನಿಧಾನ. ಲಾರಿಯಲ್ಲಿ ಒಟ್ಟಿದಾಗ ದುಂಡು ಪಿಂಡಿಗಳ ನಡುವೆ ಜಾಗ ಪೋಲಾಗುತ್ತದೆ. ಹುಲ್ಲನ್ನು ದೂರದೂರಿಗೆ ಮಾರುವವರಿಗೆ ಈ ಎರಡೂ ನಷ್ಟ. ಅವರಿಗೆ ಚೌಕ ಪಿಂಡಿಯೇ ಬೇಕು, ಹಾಗಾಗಿ ನಾಟರ್‌ನ ತಾಪತ್ರಯವೂ ಬೇಕು, ಅದನ್ನೆಳೆಯುವ ಹೆಚ್ಚು ಶಕ್ತಿಯ ಟ್ರ್ಯಾಕ್ಟರೂ ಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೊಳ್ಳುವುದೇ ಏಕೆ, ಬಾಡಿಗೆಗೆ ಕರೆಸಿದರಾಗದೇ? ಐದಾರು ಎಕರೆಯವರಿಗೆ ಈ ಪ್ರಶ್ನೆಯೇ ಉತ್ತರ. ಅಷ್ಟು ನೆಲದ ಹುಲ್ಲು ಒಂದೆರಡು ದಿನದ ಕೆಲಸ. ಅದಕ್ಕಾಗಿ ವರ್ಷವಿಡೀ ಒಂದು ಯಂತ್ರವನ್ನು ಮಳೆಗೆ ನೆನೆಸಿ ಬಿಸಿಲಿಗೆ ಒಣಗಿಸುವುದು ಬುದ್ಧಿವಂತಿಕೆಯಲ್ಲ. ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳು ಹುಟ್ಟಿದ್ದೇ ಇಂಥವರಿಗಾಗಿ. ಆದರೆ ಸುಗ್ಗಿಯಲ್ಲಿ ಊರಿಗೂರೇ ಒಂದೇ ವಾರದಲ್ಲಿ ಯಂತ್ರ ಕೇಳುತ್ತದೆ. ಹಾರ್ವೆಸ್ಟರ್ ಬಿಟ್ಟ ಹುಲ್ಲು ಹಸಿಯಿದ್ದಾಗ ಕಟ್ಟಿದರೆ ಒಳಗೇ ಬೂಷ್ಟು ಹಿಡಿಯುತ್ತದೆ, ಒಣಗಿದ ಮೇಲೆ ತಡಮಾಡಿದರೆ ಅಕಾಲಿಕ ಮಳೆಯ ಭಯ. ಈ ನಡುವಿನ ಕೆಲವೇ ದಿನಗಳಲ್ಲಿ ಸರದಿ ಬಾರದಿದ್ದರೆ ಹುಲ್ಲು ಹೋಯಿತು. ಆದ್ದರಿಂದ ಮೂವತ್ತು ನಲವತ್ತು ಎಕರೆಯ ಹುಲ್ಲು ಗಟ್ಟಿಯಾಗಿ ಕೈಗೆ ಬರುವ ನಾಲ್ಕಾರು ನೆರೆಹೊರೆಯವರು ಸೇರಿ ಕೊಳ್ಳುವುದು ನ್ಯಾಯವಾದ ಲೆಕ್ಕ. ಹೊಸದಕ್ಕೆ ಸರ್ಕಾರದ ಸಹಾಯಧನ ಸಿಗುವಂತಿದ್ದರೆ ಹಳೆಯದರ ಬೆಲೆಯನ್ನು ಆ ಕಡಿತದ ನಂತರದ ಬೆಲೆಯೊಂದಿಗೇ ಹೋಲಿಸಬೇಕು, ಅಂಗಡಿಯ ಪೂರ್ಣ ಬೆಲೆಯೊಂದಿಗಲ್ಲ.

ಸವೆದದ್ದನ್ನೆಲ್ಲ ಬದಲಿಸಬಹುದು, ಗಂಟಿನದೇನು ಮಹಾ ಎನ್ನುವ ಮಾತೂ ಕೇಳಿಬರುತ್ತದೆ. ಬದಲಿಸಬಹುದು, ನಿಜ, ಭಾಗ ಸಿಕ್ಕಿದರೆ. ಸುಗ್ಗಿಯ ನಡುವೆ ಒಂದು ಕೊಕ್ಕೆಗಾಗಿ ವಾರ ಕಾಯಬೇಕಾದರೆ ಅಗ್ಗದ ಯಂತ್ರ ದುಬಾರಿಯಾಗುತ್ತದೆ. ಮುಂಗಡ ಕೊಡುವ ಮೊದಲೇ ಮಾದರಿಯ ಹೆಸರು, ಸಂಖ್ಯೆ ಬರೆದುಕೊಂಡು ಹತ್ತಿರದ ಬಿಡಿಭಾಗದ ಅಂಗಡಿಗೆ ಹೋಗಿ ನಾಟರ್‌ನ ಕೊಕ್ಕೆ, ದಾರ ಹಿಡಿಯುವ ತಟ್ಟೆ, ಸೂಜಿ, ಪ್ಲಂಜರ್ ಚೂರಿ ಎಂಬ ನಾಲ್ಕರ ಬೆಲೆ ಮತ್ತು ದಾಸ್ತಾನು ಕೇಳಿ. ಹೊರಗಿನಿಂದ ಬಂದ ಅಪರೂಪದ ಮಾದರಿ ಎಷ್ಟೇ ಚೆನ್ನಾಗಿ ಕಂಡರೂ ಈ ಪರೀಕ್ಷೆಯಲ್ಲಿ ಸೋತರೆ ಬಿಟ್ಟುಬಿಡಿ.

ಕೊನೆಯ ಪರೀಕ್ಷೆ ಗದ್ದೆಯದು. ಸುಗ್ಗಿ ಮುಗಿದಿದೆ, ಹುಲ್ಲೆಲ್ಲಿ ತರಲಿ ಎಂದು ಮಾರುವವರು ಹೇಳಬಹುದು. ಬಣವೆಯಿಂದ ಎರಡು ಗಾಡಿ ಒಣ ಭತ್ತದ ಹುಲ್ಲನ್ನು ಬಯಲಿಗೆ ತಂದು ಸಾಲಾಗಿ ಹರಡಿದರೂ ಸಾಕು. ನೀವು ಮುಂದೆ ಬಳಸುವ ದಾರವನ್ನೇ ಹಾಕಿಸಿ, ಪಿಟಿಒವನ್ನು ನಿಮಿಷಕ್ಕೆ 540 ಸುತ್ತಿನ ವೇಗದಲ್ಲಿ ಓಡಿಸಿ, ಕನಿಷ್ಠ ಐವತ್ತು ಪಿಂಡಿ ಕಟ್ಟಿಸಿ. ಮೊದಲ ನಾಲ್ಕೈದು ತಪ್ಪಬಹುದು. ಬಿಗಿ ಹೊಂದಿಸಿದ ಮೇಲೂ ತಪ್ಪುತ್ತಲೇ ಇದ್ದರೆ ಒಪ್ಪಬೇಡಿ. ಪ್ರತಿ ಪಿಂಡಿಯನ್ನೂ ದಾರ ಹಿಡಿದೆತ್ತಿ ನೋಡಿ. ಒಣಹುಲ್ಲಿನಲ್ಲಿ ಓಡಿಸಿ ತೋರಿಸಲು ಒಪ್ಪದವರಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.