ಪಕ್ಕದ ಬೆಂಚಿನ ಗೆಳೆಯನೂ ನೋವಿನ ಗುಳಿಗೆಯೂ

ತಿರುವಲ್ಲಿಕ್ಕೇಣಿಯ ಮ್ಯಾನ್ಷನ್ನೊಂದರಲ್ಲಿ ವಾಸವಾಗಿರುವ ತರುಣ ಗುಮಾಸ್ತರೊಬ್ಬರು ಕಳೆದ ತಿಂಗಳು ನಮ್ಮನ್ನು ಕಾಣಲು ಬಂದಿದ್ದರು. ಬಹಳ ಹೊತ್ತು ಬೇರೆ ಮಾತುಗಳನ್ನೇ ಆಡುತ್ತಿದ್ದು, ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು ತಮ್ಮ ಸಹಪಾಠಿಯ ಸಂಗತಿಯನ್ನು ತೆಗೆದರು. ಇಬ್ಬರೂ ಅಂಚೆಯ ಮೂಲಕ ಬಿ.ಕಾಂ. ಓದುತ್ತಿರುವವರು, ಭಾನುವಾರದ ತರಗತಿಗಳಲ್ಲಿ ಒಂದೇ ಬೆಂಚು. ಸಹಪಾಠಿ ಕುಂದಾಪುರದ ಕಡೆಯವನು, ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು. ಒಂದೂವರೆ ವರ್ಷದ ಕೆಳಗೆ ಹಿಟ್ಟಿನ ಪಾತ್ರೆ ಹೊತ್ತು ಬರುವಾಗ ಕಾಲು ಜಾರಿ ಸೊಂಟಕ್ಕೆ ಪೆಟ್ಟಾಯಿತು. ವೈದ್ಯರು ಹತ್ತು ದಿನಕ್ಕೆಂದು ಗುಳಿಗೆ ಬರೆದುಕೊಟ್ಟರು. ಹತ್ತು ದಿನಗಳು ಎಂದೋ ಕಳೆದುವು. ಗುಳಿಗೆ ಮಾತ್ರ ನಿಲ್ಲಲಿಲ್ಲ.

ಈಗ ಅವನು ತರಗತಿಯಲ್ಲಿ ತೂಕಡಿಸುತ್ತಾನೆ, ಮೈ ಕೆರೆದುಕೊಳ್ಳುತ್ತಾನೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿದೆ. ಮೂರು ಬಾರಿ ಸಾಲ ಕೇಳಿದ್ದಾನೆ. ಒಂದು ದಿನ ಗುಳಿಗೆ ಸಿಕ್ಕದಿದ್ದಾಗ ನೆಗಡಿ ಬಂದವನಂತೆ ಮೂಗು ಸೋರಿ, ಆಕಳಿಕೆ, ಬೆವರು, ಭೇದಿ, ಮೈತುಂಬ ನೋವು. "ಅವನ ಧಣಿಗಳಿಗೆ ಹೇಳಿಬಿಡಲೇ ಸ್ವಾಮಿ? ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಹುಡುಗನೇ ಹೋಗುತ್ತಾನೆ" ಎಂದರು ಗುಮಾಸ್ತರು.

ಈ ಪ್ರಶ್ನೆ ಅವರೊಬ್ಬರದೇ ಆಗಿರಲಾರದೆಂದು ನಮ್ಮ ಊಹೆ. ಆದುದರಿಂದ ಅವರಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನೋವಿನ ಗುಳಿಗೆಗಳೆಲ್ಲವೂ ಒಂದೇ ಜಾತಿಯವಲ್ಲ. ಪ್ಯಾರಾಸಿಟಮಾಲ್ ಯಾರಿಗೂ ಈ ಬಗೆಯ ಗೀಳು ಹಿಡಿಸುವುದಿಲ್ಲ. ಟ್ರಮಡಾಲ್, ಟ್ಯಾಪೆಂಟಡಾಲ್ ಮೊದಲಾದುವು ಅಫೀಮಿನ ಗುಣವುಳ್ಳವು. ದಿನಗಳೆದಂತೆ ಅದೇ ನೋವಿಗೆ ಹೆಚ್ಚು ಗುಳಿಗೆ ಬೇಕಾಗುತ್ತದೆ. ಬಿಟ್ಟರೆ ದೇಹವೇ ದಂಗೆಯೇಳುತ್ತದೆ. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಕಾಯಿದೆಯ ಅಡಿಯಲ್ಲಿ ತಂದರು. ಟ್ಯಾಪೆಂಟಡಾಲ್ ಗುಳಿಗೆಗಳನ್ನು ಕಳ್ಳತನದಿಂದ ಮಾರುತ್ತಿದ್ದವರನ್ನು ಚೆನ್ನೈ ಪೊಲೀಸರು ಹಿಡಿದ ಸುದ್ದಿಯಂತೂ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬಂದಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಜನರಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಮಂದಿ ಅಫೀಮಿನ ವರ್ಗದ ವಸ್ತುಗಳನ್ನು ಬಳಸುತ್ತಿದ್ದರು. ಅವರಲ್ಲಿ ಔಷಧದ ಅಂಗಡಿಯ ಸರಕನ್ನು ಬಳಸುವವರು ಸಣ್ಣ ಸಂಖ್ಯೆಯವರಲ್ಲ. ಆದುದರಿಂದ ನಮ್ಮ ಸಹಪಾಠಿಯನ್ನು ಕೆಟ್ಟ ಸಹವಾಸದ ಹುಡುಗನೆಂದು ಬಗೆಯುವುದು ತಪ್ಪು. ಅವನು ಈ ದಾರಿಗೆ ಕಾಲಿಟ್ಟುದು ವೈದ್ಯರ ಚೀಟಿ ಹಿಡಿದು, ನಿಜವಾದ ನೋವಿನಿಂದ. ದಿನಕ್ಕೆ ಹನ್ನೆರಡು ಗಂಟೆ ಕಾವಲಿಯ ಮುಂದೆ ನಿಲ್ಲುವವನ ಸೊಂಟ ನೋಯದೆ ಇನ್ನಾರ ಸೊಂಟ ನೋಯಬೇಕು?

ಇನ್ನು ಧಣಿಗಳಿಗೆ ಹೇಳುವ ಮಾತು. ಹೋಟೆಲಿನಲ್ಲಿ ದುಡಿಯುವವನಿಗೆ ಅನ್ನ, ಹಾಸಿಗೆ, ಸಂಬಳ ಮೂರೂ ಒಂದೇ ಬಾಗಿಲಿನಿಂದ ಬರುವಂಥವು; ಬಾಗಿಲು ಮುಚ್ಚಿದರೆ ಮೂರೂ ಒಟ್ಟಿಗೆ ಹೋಗುತ್ತವೆ. ಅವನು ಗುಟ್ಟು ಬಿಡದಿರುವುದಕ್ಕೆ ಇದೇ ಕಾರಣ. ಧಣಿಗಳು ಸಹೃದಯರಾಗಿದ್ದರೂ ಸಾಮಾನ್ಯವಾಗಿ ಮಾಡುವುದೊಂದೇ: "ಒಂದು ತಿಂಗಳು ಊರಲ್ಲಿದ್ದು ಸರಿಯಾಗಿ ಬಾ" ಎಂದು ಕೈಗೆ ಬಸ್ಸಿನ ಖರ್ಚು ಕೊಟ್ಟು ಕಳುಹಿಸುವುದು. ನಮ್ಮವರಲ್ಲಿ ಇದು ಹಳೆಯ ಔಷಧ. ಕುಡಿತಕ್ಕೂ ಇದೇ, ಪ್ರೇಮಕ್ಕೂ ಇದೇ! ಆದರೆ ಈ ಗುಳಿಗೆಯ ವಿಷಯದಲ್ಲಿ ಇದಕ್ಕಿಂತ ಅಪಾಯಕರವಾದುದು ಇನ್ನೊಂದಿಲ್ಲ. ಊರಿನಲ್ಲಿ ಒಂದು ವಾರ ನರಳಿ ಅವನು ಎದ್ದು ಕೂರುತ್ತಾನೆ, ತಾಯಿ ಸಂತೋಷಪಡುತ್ತಾಳೆ. ಅಷ್ಟರಲ್ಲಿ ದೇಹ ತನ್ನ ಹಳೆಯ ಸಹನಶಕ್ತಿಯನ್ನು ಕಳೆದುಕೊಂಡಿರುತ್ತದೆ. ಸೊಂಟದ ನೋವು ಮಾತ್ರ ಇದ್ದಲ್ಲೇ ಇದೆ. ಚೆನ್ನೈಗೆ ಮರಳಿ, ಕಾವಲಿಯ ಮುಂದೆ ನಿಂತು, ಮೊದಲಿನ ಲೆಕ್ಕದಲ್ಲೇ ಗುಳಿಗೆ ನುಂಗಿದನೆಂದರೆ, ಮೇಲೊಂದು ಗುಟುಕು ಮದ್ಯವೂ ಸೇರಿತೆಂದರೆ, ಉಸಿರು ನಿಂತುಹೋಗಬಹುದು. ತಾನಾಗಿ ಥಟ್ಟನೆ ಬಿಡುವ ಹಠಕ್ಕೂ ಇದೇ ಅಪಾಯ.

ಹಾಗಾದರೆ ಗೆಳೆಯನು ಮಾಡಬೇಕಾದುದೇನು? ಮಾತನಾಡಬೇಕು. ತರಗತಿಯಲ್ಲಲ್ಲ, ನಾಲ್ಕು ಜನರೆದುರಿಗಲ್ಲ, ಅವನು ಗುಳಿಗೆಯ ಮಂಪರಿನಲ್ಲಿರುವಾಗಲೂ ಅಲ್ಲ. ಮರೀನಾದ ಮರಳು ಇಂಥ ಮಾತುಗಳಿಗಾಗಿಯೇ ಇದ್ದಂತಿದೆ. "ನೀನು ಗುಳಿಗೆ ತಿನ್ನುತ್ತೀಯಂತೆ" ಎಂದು ಆರಂಭಿಸಿದರೆ ಅವನು ಎದ್ದು ಹೋಗುತ್ತಾನೆ. "ಸೊಂಟ ಈಗ ಹೇಗಿದೆ ಮಾರಾಯ? ರಾತ್ರಿ ನಿದ್ದೆ ಬರುತ್ತದೆಯಾ?" ಎಂದರೆ ಕೂರುತ್ತಾನೆ. ಮೊದಲ ದಿನ ಸುಳ್ಳು ಹೇಳಿದರೂ ಕೋಪಿಸಬಾರದು. ಎರಡನೆಯ ಭಾನುವಾರವೂ ಇದೆ. ಕೈಗೆ ನಗದು ಕೊಡುವುದನ್ನು ನಿಲ್ಲಿಸಬೇಕು. ಊಟ ಕೊಡಿಸಬಹುದು, ಪರೀಕ್ಷೆಯ ಶುಲ್ಕವನ್ನು ನೇರವಾಗಿ ಕಟ್ಟಬಹುದು, ತಪ್ಪಿದ ಪಾಠದ ಟಿಪ್ಪಣಿ ಬರೆದುಕೊಡಬಹುದು. ತನ್ನ ಹೆಸರಿನ ಚೀಟಿಯಲ್ಲಿ ಅವನಿಗೆ ಗುಳಿಗೆ ತಂದುಕೊಡುವುದು ಮಾತ್ರ ಎಂದಿಗೂ ಕೂಡದು.

ಆಸ್ಪತ್ರೆಯೆಂದರೆ ಪೊಲೀಸರು ಬರುವರೆಂಬ ಭಯ ಅನೇಕರಿಗುಂಟು. ವೈದ್ಯರಲ್ಲಿ ಹೇಳಿಕೊಂಡ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. 1985ರ ಮಾದಕ ವಸ್ತುಗಳ ಕಾಯಿದೆಯ 64ಎ ಕಲಮು, ಸ್ವಂತ ಬಳಕೆಯ ಅಥವಾ ಸಣ್ಣ ಪ್ರಮಾಣದ ಆಪಾದನೆಯಿದ್ದವನೂ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಲು ಅವಕಾಶ ಕೊಡುತ್ತದೆ. ಚೆನ್ನೈಯಲ್ಲಿ ಸ್ಥಳಗಳಿಗೂ ಕೊರತೆಯಿಲ್ಲ. ಕೀಲ್ಪಾಕದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಅಡಯಾರಿನ ಇಂದಿರಾ ನಗರದಲ್ಲಿ ಟಿ.ಟಿ.ಕೆ. ಆಸ್ಪತ್ರೆಯಿದೆ, ಮದ್ಯದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಹುಟ್ಟುಹಾಕಿದ ಸಂಸ್ಥೆಯದು. ರೋಗಿಯ ಜತೆಗೆ ಮನೆಯವರಿಗೂ ಅಲ್ಲಿ ಸಲಹೆ ದೊರೆಯುತ್ತದೆ. ತಮಿಳು ತಡವರಿಸುವವರು 14416ಕ್ಕೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446.

ವೈದ್ಯರು ಗುಳಿಗೆಯನ್ನು ಮೆಲ್ಲಮೆಲ್ಲನೆ ಇಳಿಸುವುದುಂಟು. ಕೆಲವರಿಗೆ ಬ್ಯುಪ್ರಿನಾರ್ಫಿನ್ ಎಂಬ ಬದಲಿ ಔಷಧ ಕೊಡುವುದುಂಟು. ವಿಚಿತ್ರವೆಂದರೆ, 1990ರ ದಶಕದಲ್ಲಿ ಇದೇ ಚೆನ್ನೈಯಲ್ಲಿ ಈ ಬ್ಯುಪ್ರಿನಾರ್ಫಿನ್ನನ್ನೇ ಸೂಜಿಯಿಂದ ಏರಿಸಿಕೊಂಡು ಕೆಟ್ಟವರಿದ್ದರು. ಮದ್ದು ಅದೇ, ಕೊಡುವ ಕೈ ಬೇರೆ. ಸೊಂಟದ ನೋವಿಗೆ ಬೇರೆ ಚಿಕಿತ್ಸೆಯನ್ನೂ ವ್ಯಾಯಾಮವನ್ನೂ ಕೇಳಿಯೇ ಬರಬೇಕು; ಮೂಲವನ್ನು ಬಿಟ್ಟು ಚಿಗುರನ್ನು ಕಡಿದರೆ ಫಲವಿಲ್ಲ.

ಒಂದೇ ಕೋಣೆಯಲ್ಲಿ ಮಲಗುವವರಿಗೆ ಇನ್ನೊಂದು ಮಾತು. ರಾತ್ರಿ ಅವನು ಕೂಗಿದರೂ ಅಲುಗಿಸಿದರೂ ಏಳದೆ, ಉಸಿರು ತೀರ ನಿಧಾನವಾಗಿ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತ, ತುಟಿ ನೀಲಿಗಟ್ಟಿದ್ದರೆ "ಮಲಗಲಿ ಪಾಪ" ಎನ್ನಬಾರದು. ಕೂಡಲೇ 108ಕ್ಕೆ ಫೋನು ಮಾಡಿ, ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ತಿಂದ ಗುಳಿಗೆಯ ಹೆಸರನ್ನು ಮುಚ್ಚಿಡದೆ ಹೇಳಬೇಕು. ನಲಾಕ್ಸೋನ್ ಎಂಬ ಸೂಜಿಮದ್ದು ಸಕಾಲದಲ್ಲಿ ಸಿಕ್ಕರೆ ನಿಂತ ಉಸಿರು ಮರಳುವುದುಂಟು.

ಗುಮಾಸ್ತರು ಮೊನ್ನೆ ಮತ್ತೆ ಬಂದಿದ್ದರು. ಧಣಿಗಳಿಗೆ ಹೇಳಿಲ್ಲ, ಹೇಳುವುದಾದರೆ ಅವನೇ ಹೇಳಲಿ ಎಂದು ಬಿಟ್ಟಿದ್ದಾರೆ. ಮರೀನಾಕ್ಕೆ ಮೂರು ಸಲ ಹೋಗಬೇಕಾಯಿತಂತೆ. ನಾಲ್ಕನೆಯ ವಾರ ಅವನ ರಜೆಯ ದಿನ ಇವರೂ ಕಚೇರಿಗೆ ರಜೆ ಹಾಕಿ ಇಬ್ಬರೂ ಆಸ್ಪತ್ರೆಗೆ ಹೋದರು. ಸರದಿ ಬರಲು ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ವೆಚ್ಚ ಲೆಕ್ಕದ ಒಂದು ಅಧ್ಯಾಯವನ್ನು ಇಬ್ಬರೂ ಓದಿ ಮುಗಿಸಿದರಂತೆ.